ನೆಟ್ಟಗಾದ ಸೈಕಲ್ಲು

ಸೊಟ್ಟಗಿರುವುದನ್ನು ಕಂಡರೆ ರಿಪೇರಿ ಮಾವನಿಗೆ ಕೈ ತಡೆಯದು. ಬೀದಿಯವರೆಲ್ಲ ಸೇರಿ ಇಟ್ಟ ಹೆಸರೇ ಅದು. ಸೈಕಲ್ ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಗೋಡೆ ತುಂಬ ಟೈರು, ನೆಲದ ತುಂಬ ಗ್ರೀಸು. ಊಟಕ್ಕೆ ಕರೆದವರ ಮನೆಯಲ್ಲೂ ಅಲ್ಲಾಡುವ ಕುರ್ಚಿ ಕಂಡರೆ ತಲೆಕೆಳಗು ಮಾಡಿಕೊಂಡು ಕೂತುಬಿಡುವನು. "ಸತ್ತವರ ಮನೆಗೆ ಹೋದರೂ ಬಾಗಿಲ ಚಿಲಕ ಸರಿ ಮಾಡೇ ಬರ್ತೀರಿ ನೀವು" ಎಂದು ಹೆಂಡತಿ ಹಂಗಿಸುವಳು.

ಆ ಕೈಯೇ ಅವನನ್ನು ಕೆಡಿಸಿತು.

ಮಗಳು ಹೊಲಿಗೆ ಕಾರ್ಖಾನೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದಾಗ ಸಿಮೆಂಟಿನ ಲಾರಿ ಹಿಂದಿನಿಂದ ಗುದ್ದಿತು. ಕಾಲಿನ ಮೂಳೆ ಪುಡಿಪುಡಿ. ಒಂದು ಆಪರೇಷನ್ ಆಯಿತು. ಇನ್ನೊಂದು ಆಗದಿದ್ದರೆ ಜೀವನಪೂರ್ತಿ ಊರುಗೋಲೇ ಗತಿ ಎಂದರು ಡಾಕ್ಟರು. ಲಾರಿಯವರಿಂದ ಪರಿಹಾರ ಬಂದರೆ ಮಾತ್ರ ಅದು ಆಗುವ ಮಾತು.

ಪೊಲೀಸರು ನಾಲ್ಕು ಸಾಲು ಗೀಚಿಕೊಂಡು ಸೈಕಲ್ಲನ್ನು ಮನೆಗೆ ತಂದು ಒಗೆದು ಹೋಗಿದ್ದರು. ಹೆಂಗಸರ ವಾರ್ಡಿನಲ್ಲಿ ಗಂಡಸರನ್ನು ಕೂರಿಸುತ್ತಿರಲಿಲ್ಲ, ಹಾಗಾಗಿ ಹೆಂಡತಿ ಅಲ್ಲಿ, ಇವನು ಇಲ್ಲಿ. ಆ ಮುದುಡಿದ ಸೈಕಲ್ಲಿನ ಎದುರು ಒಬ್ಬನೇ ಕೂತಿದ್ದ. ಮಗಳ ಮೂಳೆಯಂತೂ ತನ್ನ ಕೈಗೆ ಸಿಗದು, ಇದಾದರೂ ಸಿಕ್ಕುತ್ತದಲ್ಲ ಅಂದುಕೊಂಡ. ಹಿಂದಿನ ಚಕ್ರ ಬದಲಾಯಿಸಿದ, ಫ್ರೇಮು ಎಳೆದು ನೆಟ್ಟಗೆ ಮಾಡಿದ, ಅವಳಿಗಿಷ್ಟವಾದ ನೀಲಿ ಬಣ್ಣವನ್ನೂ ಬಳಿದ, ಅವಳು ಎದ್ದು ನಡೆದ ದಿನ ತೋರಿಸೋಣವೆಂದು ಗೋಣಿ ಹೊದಿಸಿಟ್ಟ. ಹಳೆಯ ಚಕ್ರ ಗುಜರಿಯವನ ಗಾಡಿ ಹತ್ತಿತು.

ಮಗಳು ಮನೆಗೆ ಬಂದ ಮೇಲೆ ಅವಳ ಪರಿಹಾರದ ಕೇಸು ಹಿಡಿದಿದ್ದ ವಕೀಲಮ್ಮ ಬಂದರು. ಲಾರಿ ಡ್ರೈವರ್ ಮಾತು ತಿರುಗಿಸಿದ್ದಾನೆ, ಅವಳೇ ಜಾರಿ ಬಿದ್ದಿದ್ದಳು, ನಾನು ಪಾಪ ಅಂತ ಆಸ್ಪತ್ರೆಗೆ ಎತ್ತಿಕೊಂಡು ಹೋದೆ ಅನ್ನುತ್ತಿದ್ದಾನೆ ಎಂದರು. ಕಂಡವರು ಬೇರೆ ಯಾರೂ ಇಲ್ಲ. ವಿಮೆಯವರು ಸೋಮವಾರ ಸೈಕಲ್ ನೋಡಲು ಬರುತ್ತಾರೆ, ಗುದ್ದಿದ ಗುರುತು ಕಂಡರೆ ಅವರ ಬಾಯಿ ಕಟ್ಟೀತು ಎಂದರು.

"ಸೈಕಲ್ ಹಾಗೇ ಇದೆ ತಾನೆ?"

"ಇದೆ ಅಮ್ಮ" ಎಂದುಬಿಟ್ಟ ಮಾವ.

ಅವರು ಹೊರಟದ್ದೇ ತಡ, ಗುಜರಿಗೆ ಓಡಿದ, ಚಕ್ರ ಎಂದೋ ಕರಗಲು ಹೋಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೆಂಡತಿಗೂ ಹೇಳಲಿಲ್ಲ. ಬೀದಿಯಲ್ಲಿ ಯಾವ ಗಾಡಿ ನಿಂತರೂ ವಿಮೆಯವನೇ ಬಂದನೇನೋ ಎಂದು ಬಾಗಿಲಿಗೆ ಬಂದು ಇಣುಕುವನು.

ಸೋಮವಾರ ಬೆಳಿಗ್ಗೆ ಸುತ್ತಿಗೆ ತೆಗೆದುಕೊಂಡ. ಹಿಂದಿನ ಮಡ್‌ಗಾರ್ಡಿಗೆ ಒಂದು ಏಟು ಬಿತ್ತು. ಎರಡನೆಯದಕ್ಕೆ ಕೈ ಎತ್ತಿದಾಗ ಒಳಗಿನ ಮಂಚದಿಂದ ಮಗಳು ಕರೆದಳು. ಹೋಗಿ ಎಲ್ಲ ಒದರಿದ.

"ಲಾರಿ ಗುದ್ದಿದ್ದು ನಿಜ ಅಪ್ಪ," ಎಂದಳು ಮಗಳು. "ನೀನು ಸುಳ್ಳು ಏಟು ಸೇರಿಸಿದರೆ ನಾಳೆ ನನ್ನ ನಿಜವನ್ನೂ ಯಾರೂ ನಂಬಲ್ಲ."

"ಮತ್ತೆ ನಿನ್ನ ಕಾಲು?"

"ಕಾಲು ನಂದು. ಸುತ್ತಿಗೆ ಕೆಳಗಿಡು."

ವಿಮೆಯವನು ಬಂದು, ಮದುವಣಗಿತ್ತಿ ಹಾಗಿದೆಯಲ್ಲ ಯಜಮಾನರೇ ಎಂದು ನಕ್ಕ. ಮಾವ ತಾನೇ ಸರಿ ಮಾಡಿದ್ದೆಂದ. ಮಡ್‌ಗಾರ್ಡಿನ ತಗ್ಗು ಕೂಡ ತನ್ನದೇ, ಇವತ್ತಿನದು ಎಂದ. ವಿಷಯ ತಿಳಿದ ವಕೀಲಮ್ಮ ಹಣೆ ಹಣೆ ಚಚ್ಚಿಕೊಂಡರು.

ಕೋರ್ಟಿನಲ್ಲಿ ಲಾರಿ ಕಡೆಯ ವಕೀಲರು ಬಿಡಲಿಲ್ಲ. ಸಾಕ್ಷಿಯನ್ನು ಯಾವ ತಂದೆಯಾದರೂ ಬಣ್ಣ ಬಳಿದು ಇಡುತ್ತಾನೆಯೇ ಎಂದು ಮೂದಲಿಸಿದರು. ಕಟಕಟೆಯಲ್ಲಿ ನಿಂತಿದ್ದ ಮಾವ ಜಡ್ಜಿನ ಕಡೆ ತಿರುಗಿದ.

"ನಾನು ಇಟ್ಟೆ ಸ್ವಾಮಿ. ಮಗಳು ಆಸ್ಪತ್ರೇಲಿದ್ದಳು. ನನಗೆ ಬರೋ ಕೆಲಸ ಇದೊಂದೇ."

ತಮಗೇ ನಷ್ಟವಾದರೂ ಸುಳ್ಳು ತಗ್ಗನ್ನು ಒಪ್ಪಿಕೊಂಡವರೆಂದು ಜಡ್ಜು ಮಗಳ ಮಾತನ್ನು ನಂಬಿದರು. ಆದರೆ ಗುರುತು ಅಳಿಸಿದ್ದು ತಂದೆಯೇ ಎಂದು ಪರಿಹಾರದಲ್ಲಿ ಕಡಿತ ಮಾಡಿದರು. ಆಪರೇಷನ್ನಿಗೆ ಸಾಕಾಯಿತು, ಕೂತು ತಿನ್ನಲು ಉಳಿಯಲಿಲ್ಲ. ಅವಳು ಸ್ವಲ್ಪ ಕುಂಟುತ್ತಾ ಮತ್ತೆ ಕಾರ್ಖಾನೆಗೆ ಹೋಗುತ್ತಾಳೆ.

ಈಗ ಯಾರಾದರೂ ನಜ್ಜುಗುಜ್ಜಾದ ಸೈಕಲ್ ತಂದರೆ, ಎಲ್ಲಿ ಬಿದ್ದಿರಿ, ಯಾರು ಗುದ್ದಿದರು, ಕೇಸು ಹಾಕುತ್ತೀರಾ ಎಂದು ಮಾವ ವಿಚಾರಿಸುತ್ತಾನೆ. ಗಿರಾಕಿಗಳು ನಗುತ್ತಾರೆ. ಅವರು ಕೇಸು ಗೀಸು ಏನಿಲ್ಲ ಅನ್ನುವವರೆಗೂ ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ನಿಂತಿರುತ್ತಾನೆ.