ಲೀಲಕ್ಕ ಬೇಡ ಅಂದದ್ದು

ಬಾಗಿಲ ಹಿಂದಿನ ಮೊಳೆಯಲ್ಲಿ ನನ್ನದೊಂದು ಚೀಲ ತೂಗುತ್ತಿರುತ್ತದೆ. ಹರಿದ ಮೀನುಬಲೆಯನ್ನು ಕತ್ತರಿಸಿ ಹೆಣೆದದ್ದು. ಒಂದು ಕಾಲಕ್ಕೆ ನೀಲಿಯಾಗಿತ್ತು. ಈಗ ಅದರ ಬಣ್ಣ ಯಾವುದೆಂದು ಹೇಳಲು ಸಾಕ್ಷಿ ಬೇಕು. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಪ್ಪು ಮತ್ತು ಒಣಮೀನಿನ ವಾಸನೆ ಅದನ್ನು ಬಿಟ್ಟು ಹೋಗಿಲ್ಲ. ಮನೆಗೆ ಬಂದವರು ಮೂಗು ಸುಕ್ಕಿಸಿ, "ಇದನ್ನಿನ್ನೂ ಇಟ್ಟುಕೊಂಡಿದ್ದೀರಾ?" ಎಂದು ಕೇಳಿದರೆ ನನಗೆ ಒಳಗೊಳಗೇ ಸಂತೋಷ. ಕಡಿಮೆ ಸಾಮಾನಿನಲ್ಲಿ ಬದುಕುವವನೆಂಬ ನನ್ನ ಸಣ್ಣ ಜಂಬಕ್ಕೆ ಆ ಚೀಲವೇ ನಾಮಫಲಕ.

ಮೊನ್ನೆ ಭಾನುವಾರ ಅದನ್ನು ಹಿಡಿದು ಕಾರವಾರದ ಸಂತೆಗೆ ಹೋದೆ. ಒಣಮೀನಿನ ಸಾಲಿನ ಕೊನೆಯಲ್ಲಿ ಶಾಂತಿ ಕೂತಿದ್ದಳು. ಹಿಂದೆ ಅವಳ ಮುಂದೆ ಬುಟ್ಟಿಗಳಿರುತ್ತಿದ್ದವು, ಅವಳೇ ಒಣಗಿಸಿದ ಮೀನು ತುಂಬಿರುತ್ತಿತ್ತು. ಈಗ ಇರುವುದು ಬೇರೆ ಯಾವುದೋ ಊರಿನಿಂದ ಬಂದ ಪ್ಲಾಸ್ಟಿಕ್ ಪೊಟ್ಟಣಗಳು. ಒಣ ಶೆಟ್ಲಿಯ, ಅಂದರೆ ಸಣ್ಣ ಸಿಗಡಿಯ, ಒಂದು ಪೊಟ್ಟಣವನ್ನು ನನ್ನ ಚೀಲಕ್ಕೆ ಹಾಕುವಾಗ ಅವಳು ಬಲೆಯ ಕಣ್ಣುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಚೀಲ ನಮ್ದೇ," ಎಂದಳು. "ಒಳಗಿದ್ದದ್ದು ಮಾತ್ರ ನಮ್ದಲ್ಲ."

ಆಮೇಲೆ ತಕ್ಕಡಿಯನ್ನು ಸರಿಪಡಿಸುತ್ತಾ, ನನ್ನ ಮುಖ ನೋಡದೆ ಕೇಳಿದಳು: "ಹ್ಯಾಂಗಿದ್ದಾಳೆ ನಿಮ್ಮ ಲೀಲಕ್ಕ?"

ಅಂಕೋಲೆಯ ಬೊಬ್ರುವಾಡದಲ್ಲಿ ತಂಗಿಯ ಮನೆಯಲ್ಲಿದ್ದಾಳೆ, ನಾನೂ ನೋಡದೆ ಬಹಳ ದಿನವಾಯಿತು ಎಂದೆ. ಶಾಂತಿ ಮುಂದಿನ ಗಿರಾಕಿಯತ್ತ ತಿರುಗಿದಳು. ನಾನು ಮನೆಯ ದಾರಿ ಬಿಟ್ಟು ಅಂಕೋಲೆಯ ಬಸ್ಸು ಹತ್ತಿದೆ.

ಕಾರವಾರದಿಂದ ಅಂಕೋಲೆ ದೂರವೇನಲ್ಲ. ಆದರೆ ಗುಡ್ಡದ ತಿರುವುಗಳಲ್ಲಿ ಬಸ್ಸು ಏದುಸಿರು ಬಿಡುವಾಗ ಹಳೆಯದನ್ನು ನೆನೆಯಲು ಸಾಕಷ್ಟು ಪುರಸೊತ್ತು ಸಿಗುತ್ತದೆ. ಬಿಣಗಾ ಬಂದಾಗ, ಹೆದ್ದಾರಿಯ ಪಕ್ಕದ ಕಾರ್ಮಿಕರ ಮನೆಗಳ ಸಾಲು ಕಂಡಾಗ, ನನಗೆ ಪಾಂಡುರಂಗಣ್ಣ ನೆನಪಾದ. ಲೀಲಕ್ಕನ ಗಂಡ. ಅವನ ಕೆಲಸ ಇಲ್ಲಿಯ ಕಾರ್ಖಾನೆಯಲ್ಲಿ. ಕಂಪನಿಯ ಮನೆ ಸಿಗುತ್ತಿದ್ದರೂ ಹೆಂಡತಿ ಕಾರವಾರದ ಕಡಲಕೇರಿಯನ್ನು ಬಿಟ್ಟು ಬರಲಾರಳು ಎಂದು ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದ. ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು. ಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಕಳಿಸುವ ಕೆಲಸ ನನ್ನದು. ಕಂಡದ್ದನ್ನು ಬರೆ, ಕಾಣದ್ದನ್ನು ಬಿಡು ಎಂಬ ಪಾಠ ಆಗಲೇ ಮೈಗೆ ಹತ್ತಿತ್ತು. ಹಾಗಾಗಿ ಇಲ್ಲಿಯೂ ಕಂಡಷ್ಟನ್ನೇ ಹೇಳುತ್ತೇನೆ.

ಕಿಟಕಿ ತೆರೆದರೆ ಮರಳು ಕಾಣುತ್ತಿತ್ತು. ಅದು ಲೀಲಕ್ಕ, ಶಾಂತಿ ಮೊದಲಾದ ಕೇರಿಯ ಹೆಂಗಸರು ಮೀನು ಒಣಗಿಸುವ ಜಾಗ. ಬೇಲಿಯಿಲ್ಲ, ಕಲ್ಲಿಲ್ಲ, ಆದರೂ ಯಾರ ಪಾಲು ಎಲ್ಲಿಯವರೆಗೆ ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿ ಒಂದು ಪದ್ಧತಿಯಿತ್ತು. ಮೋಡ ಕವಿದು ಹನಿ ಬಿದ್ದರೆ ಆ ಹೊತ್ತಿಗೆ ಮರಳಿನ ಮೇಲೆ ಯಾರಿದ್ದಾರೋ ಅವರು ಎಲ್ಲರ ಮೀನನ್ನೂ ಎತ್ತಬೇಕು. ನಿನ್ನದು ನನ್ನದು ಎಂದು ನೋಡುವಂತಿಲ್ಲ. ನೋಡಬೇಕೆಂದರೆ ಪಕ್ಕದವಳದ್ದನ್ನು ಮೊದಲು ಎತ್ತಿ, ತನ್ನದನ್ನು ಆಮೇಲೆ. ಹಿಂದಿನ ದಿನ ಜಗಳವಾಡಿ ಮಾತು ಬಿಟ್ಟವರೂ ಮರುದಿನ ಒಬ್ಬರ ಬಂಗಡೆಯನ್ನು ಇನ್ನೊಬ್ಬರು ಬಾಚಿ ಬುಟ್ಟಿಗೆ ತುಂಬುವುದನ್ನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಮಳೆ ನಿಂತ ಮೇಲೆ ಜಗಳ ನಿಲ್ಲಿಸಿದ ಜಾಗದಿಂದ ಮುಂದುವರಿಯುತ್ತಿತ್ತು.

ಒಂದು ದಿನ ಆ ಮರಳಿಗೆ ತಂತಿಬೇಲಿ ಬಿತ್ತು. ವಾಯುವಿಹಾರಕ್ಕೆ ಬರುವವರಿಗೆ ತೋಟವಂತೆ, ಕಲ್ಲುಬೆಂಚಂತೆ. ಅದೇ ಹೊತ್ತಿಗೆ ಊರಿನ ಚುನಾವಣೆ ಬಂತು. ಬೇಲಿ ತೆಗೆಸುತ್ತೇನೆ ಎಂದು ಒಬ್ಬ ಅಭ್ಯರ್ಥಿ ಮಾತು ಕೊಟ್ಟ. ಅವನ ಹೆಸರು ಬೇಡ. ಈಗ ಹುದ್ದೆಯೂ ಇಲ್ಲದವನು. ಲೀಲಕ್ಕ ಅವನನ್ನು ನಂಬಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆಮನೆಗೆ ಹೋಗಿ ಕೊಂಕಣಿಯವರಿಗೆ ಕೊಂಕಣಿಯಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ ಹೇಳಿದಳು. ಅವಳು ಹೇಳಿದರೆ ಕೇರಿ ಕೇಳುತ್ತಿತ್ತು. ಮತದಾನದ ಹಿಂದಿನ ವಾರ ಅಭ್ಯರ್ಥಿಯ ಕಡೆಯವರು ಟೆಂಪೋದಲ್ಲಿ ಬಂದು ಮನೆಗೊಂದು ಪ್ರೆಷರ್ ಕುಕ್ಕರ್ ಇಳಿಸಿ ಹೋದರು. ಲೀಲಕ್ಕನೂ ತೆಗೆದುಕೊಂಡಳು. ಆ ವಾರವೆಲ್ಲ ಕೇರಿಯ ತುಂಬ ಸೀಟಿ. ಕುಚ್ಚಲಕ್ಕಿ ಬೇಯಿಸುವುದು ಇಷ್ಟು ಸಲೀಸೆಂದು ತಿಳಿದಿರಲಿಲ್ಲ ಎಂದು ಅವಳೇ ನನ್ನ ಹತ್ತಿರ ಹೊಗಳಿದ್ದಳು.

ಅವನು ಗೆದ್ದ. ಬೇಲಿ ಹೋಗಲಿಲ್ಲ. ಮಳೆಗಾಲ ಕಳೆಯುವವರೆಗೆ ಕಾದು, ಹೆಂಗಸರೆಲ್ಲ ಖಾಲಿ ಬುಟ್ಟಿ ಹಿಡಿದು ಅವನ ಕಚೇರಿಯ ಮುಂದೆ ಹೋಗಿ ನಿಂತರು. ನಾನೂ ಹೋಗಿದ್ದೆ, ಸುದ್ದಿಗೆ. ಅವನು ಹೊರಗೆ ಬಂದು ಎಲ್ಲರನ್ನೂ ನೋಡಿದ, ನಕ್ಕ.

"ಎಂತಾ ಲೀಲಕ್ಕಾ, ಕುಕ್ಕರ್ ಸಮಾ ಸೀಟಿ ಹೊಡೀತದ ಅಲ್ವಾ?"

ಸುತ್ತ ನಿಂತ ಗಂಡಸರು ನಕ್ಕರು. ಅದು ಹೋಗಲಿ. ಬುಟ್ಟಿ ಹಿಡಿದ ಹೆಂಗಸರಲ್ಲೂ ಕೆಲವರಿಗೆ ನಗು ಬಂತು. ಶಾಂತಿಯಂತೂ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಬ್ಬರು ನಕ್ಕ ಮೇಲೆ ಕೂಗಲು ಯಾರಿಗೂ ದನಿ ಉಳಿಯಲಿಲ್ಲ. ಪ್ರತಿಭಟನೆ ಅಲ್ಲಿಗೆ ಮುಗಿಯಿತು. ಒಂದು ಪ್ರತಿಭಟನೆ ಲಾಠಿಯಿಲ್ಲದೆ, ಒಂದೇ ವಾಕ್ಯದಿಂದ ಚದುರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಲೀಲಕ್ಕ ಮನೆಗೆ ಬಂದವಳೇ ಒಲೆಯ ಮೇಲಿದ್ದ ಕುಕ್ಕರಿನ ಅನ್ನವನ್ನು ಪಾತ್ರೆಗೆ ಬಗ್ಗಿಸಿ, ಕುಕ್ಕರನ್ನು ತಿಕ್ಕಿ ತೊಳೆದು, ಒರೆಸಿ, ಸೊಂಟದ ಮೇಲೆ ಇಟ್ಟುಕೊಂಡು ಹೊರಟಳು. ಗೆದ್ದವನ ಮನೆಯ ಜಗಲಿಯ ಮೇಲೆ ಇಟ್ಟು ಬಂದಳು. ಅಲ್ಲಿ ಏನು ಮಾತಾಯಿತೋ ನಾನು ಕೇಳಿಸಿಕೊಂಡಿಲ್ಲ. ಅವನ ಹೆಂಡತಿ ಗಾಬರಿಯಲ್ಲಿ ಚಹಾ ಕೊಟ್ಟಳಂತೆ, ಇವಳು ಕುಡಿದಳಂತೆ. "ಪಾಪ, ಅವ್ಳದ್ದೆಂತಾ ತಪ್ಪು," ಎಂದಳು ಲೀಲಕ್ಕ, ಆಮೇಲೆ. ನಾನು ಬರೆದು ಕಳಿಸಿದ ವರದಿಯನ್ನು ಪತ್ರಿಕೆಯವರು ಒಂದು ಮೂಲೆಯಲ್ಲಿ ಬೆರಳಗಲ ಹಾಕಿದರು.

ಬದಲಾವಣೆ ಶುರುವಾದದ್ದು ಅಲ್ಲಿಂದ. ಮೊದಲು ಟಿವಿ ಹೋಯಿತು, ತಂಗಿಯ ಮನೆಗೆ. ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳು. ಶೋಕೇಸಿನಲ್ಲಿದ್ದ ಗಾಜಿನ ಲೋಟಗಳು, ಹಬ್ಬಕ್ಕೊಂದರಂತೆ ಸೇರಿದ್ದ ಸೀರೆಗಳು, ಕೊನೆಗೆ ಶೋಕೇಸೇ. ಮನೆ ಬಾಗಿಲಿಗೆ ಸಾಮಾನು ಮಾರಲು ತರುವ ಸ್ಕೂಟರಿನವನಿಗೆ ಅಂಗಳದಲ್ಲೇ ಮಜ್ಜಿಗೆ ಕೊಟ್ಟು ಹಿಂದೆ ಕಳಿಸುತ್ತಿದ್ದಳು. ಹರಿದ ಬಲೆಗಳನ್ನು ಕೇಳಿ ತಂದು ಚೀಲ ಹೆಣೆಯತೊಡಗಿದಳು.

"ಮುಂದಿನ ವಾರ ನನ್ನನ್ನೂ ಯಾರಿಗಾದ್ರೂ ಕೊಟ್ಬಿಡ್ತಾಳೆ ಮಾರಾಯ," ಎಂದ ಪಾಂಡುರಂಗಣ್ಣ. ಕ್ರಿಕೆಟ್ ನೋಡಲು ಅವನು ಈಗ ಪಕ್ಕದ ಮನೆಯ ಕಿಟಕಿಗೆ ಹೋಗಿ ನಿಲ್ಲಬೇಕಾಗಿತ್ತು.

"ತಗಳೂಕೆ ಯಾರಾದ್ರೂ ಬೇಕಲ್ಲ," ಎಂದಳು ಲೀಲಕ್ಕ, ಹೆಣಿಗೆಯಿಂದ ಕಣ್ಣೆತ್ತದೆ.

ನಾನು ಕೇಳಿದೆ, ಇಷ್ಟೆಲ್ಲ ಯಾಕೆ ಎಂದು. ಕೇಳುವುದೇ ನನ್ನ ಕಸುಬಲ್ಲವೇ.

"ಅವ ನಕ್ಕದ್ದು ಯಾಕೆ ಹೇಳು ತಮಾ? ನಮ್ಗೆ ಆಸೆ ಉಂಟು ಹೇಳಿ ಅವ್ನಿಗೆ ಗೊತ್ತಾಯ್ತು. ಅದ್ಕೇ ನಕ್ಕ. ಏನೂ ಬೇಡ ಅಂದವ್ಳಿಗೆ ಎಂತಾ ಕೊಟ್ಟು ಬಾಯಿ ಮುಚ್ಚಸ್ತಾರೆ, ನೋಡ್ವಾ."

ಈ ಮಾತು ನನ್ನನ್ನು ಹಿಡಿಯಿತು. ಆಗ ನಾನೂ ಸಂಬಳ ಬಂದ ವಾರ ಅಂಗಡಿಗಳ ಮುಂದೆ ಸುಳಿಯುವವನೇ. ನನ್ನ ಕೋಣೆಯಲ್ಲಿ ಹಾಡು ಕೇಳುವ ಪೆಟ್ಟಿಗೆಗಳೇ ಎರಡಿದ್ದವು, ಎರಡಕ್ಕೂ ಒಂದೇ ಕ್ಯಾಸೆಟ್ಟು. ಪತ್ರಿಕಾಗೋಷ್ಠಿಗೆ ಹೋದರೆ ಕೊಡುವ ಬ್ಯಾಗು, ಪೆನ್ನು, ಗೋಡೆಗಡಿಯಾರ ಎಲ್ಲವೂ ಮಾಳಿಗೆಯ ಮೂಲೆಯಲ್ಲಿ ಪೇರಿಸಿದ್ದವು. ಅವನ್ನೆಲ್ಲ ನಾನೂ ಒಂದೊಂದಾಗಿ ಇಳಿಸಿದೆ, ಹೊಸದನ್ನು ತರುವುದನ್ನು ಬಿಟ್ಟೆ. ಮೊದಮೊದಲು ಕಷ್ಟವಾಯಿತು; ಆಮೇಲೆ ಹಗುರವಾಯಿತು. ಲೀಲಕ್ಕ ಮೆಚ್ಚಿ ಚೀಲ ಕೊಟ್ಟಳು. "ಇದ್ರಲ್ಲಿ ನಿಲ್ಲದ್ದು ನಿಂಗೆ ಬೇಡ," ಎಂದು ಷರತ್ತು ಹಾಕಿದಳು. ಸಕ್ಕರೆ ತರುವುದು ಹೇಗೆ ಎಂದರೆ, "ಬೆಲ್ಲ ತಿನ್ನು," ಎಂದಳು.

ಇಲ್ಲಿಗೇ ನಿಲ್ಲಿಸಿದರೆ ಇದು ಒಳ್ಳೆಯ ಕಥೆ. ಬಹಳ ಕಡೆ ನಾನು ಇದನ್ನು ಇಲ್ಲಿಗೇ ನಿಲ್ಲಿಸಿ ಹೇಳಿದ್ದೇನೆ. ಆದರೆ ಬಸ್ಸು ಇನ್ನೂ ಅಂಕೋಲೆ ಮುಟ್ಟಿರಲಿಲ್ಲ, ನೆನಪೂ ನಿಲ್ಲಲಿಲ್ಲ.

ಮುಂದಿನ ಚುನಾವಣೆ ಹತ್ತಿರ ಬಂದಾಗ ಊರಿನ ಆಡಳಿತದಿಂದ ಒಬ್ಬ ಅಧಿಕಾರಿ ಕೇರಿಗೆ ಬಂದ. ಹಳೆಯ ಮರಳು ಸಿಗಲಾರದು, ಅದರ ಬದಲು ತೆಂಕಣ ತುದಿಯಲ್ಲಿ ಬೇರೆ ಜಾಗ ಕೊಡುತ್ತೇವೆ, ಸಿಮೆಂಟಿನ ಕಟ್ಟೆ, ಒಂದು ನಲ್ಲಿ, ತಗಡಿನ ಮಾಡು, ಎಲ್ಲರೂ ಒಪ್ಪಿದರೆ ಕೂಡಲೇ ಕೆಲಸ ಶುರು ಎಂದ. ಶಾಂತಿಯ ಅಂಗಳದಲ್ಲಿ ಹೆಂಗಸರು ಸೇರಿದರು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಎಲ್ಲರೂ ಲೀಲಕ್ಕನ ಬಾಯಿ ನೋಡುತ್ತಿದ್ದರು.

"ಬೇಡ," ಎಂದಳು ಲೀಲಕ್ಕ.

"ಎಂತಕ್ಕೆ ಗೊ?" ಎಂದಳು ಶಾಂತಿ.

"ಸಿಮೆಂಟಿನ ಮೇಲೆ ಮೀನು ಒಣಗೂದಿಲ್ಲ, ಬೇಯ್ತದೆ."

"ಚಾಪೆ ಹಾಸ್ವಾ."

"ಇವತ್ತು ನಲ್ಲಿ ಕೊಡ್ತ್ರು. ನಾಳೆ ನಲ್ಲಿ ಸಮಾ ಬತ್ತದಾ ಕೇಳಿ ನಗ್ತ್ರು. ಅವ್ರ ಕೈಯಿಂದ ಇನ್ನು ಒಂದು ಹಿಡಿ ಉಪ್ಪೂ ನಂಗೆ ಬೇಡ."

ಶಾಂತಿ ಎದ್ದು ನಿಂತಳು. ಅವಳು ಬೇಲಿ ಹಾಕಿದಾಗಿನಿಂದ ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಕೆಂಧೂಳಿನ ನಡುವೆ ಮೀನು ಒಣಗಿಸುತ್ತಿದ್ದಳು.

"ನಿಂಗೆ ಬೇಡ ಆಗಿರ್ಲಿ ಲೀಲಕ್ಕಾ. ನಿನ್ನ ಗಂಡಂಗೆ ಸಂಬಳ ಬತ್ತದೆ. ನಂಗೆ ಬೇಕು. ಮೋಡ ಬಂದಾಗ ನಿನ್ನ ಮೀನು ನಾ ಎತ್ತಲಿಲ್ವಾ? ನಂದು ಯಾರು ಎತ್ತೂದು?"

ಲೀಲಕ್ಕನ ಎದುರು ಬೇಕು ಎನ್ನಲು ಉಳಿದವರಿಗೆ ನಾಚಿಕೆ. ಅಷ್ಟು ಬಿಟ್ಟವಳು, ಕುಕ್ಕರ್ ಹಿಂದೆ ಕೊಟ್ಟವಳು. ಅವಳ ಮುಂದೆ ನಲ್ಲಿ ಬೇಕು ಎಂದರೆ ತಾವು ಸಣ್ಣವರಾದಂತೆ. ಒಬ್ಬೊಬ್ಬರೇ ಎದ್ದು ಹೋದರು. ಅಧಿಕಾರಿ, ಕೇರಿಯವರಿಗೆ ಆಸಕ್ತಿಯಿಲ್ಲ ಎಂದು ಬರೆದುಕೊಂಡು ಹೋದ. ಆ ತೆಂಕಣ ತುದಿಯಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಗೆದ್ದವನಿಗೂ ಅನುಕೂಲವೇ ಆಯಿತು. ಅವನು ಭಾಷಣಗಳಲ್ಲಿ ಲೀಲಕ್ಕನ ಸರಳ ಜೀವನವನ್ನು ಹೊಗಳುವುದನ್ನು ನಾನೇ ಕೇಳಿಸಿಕೊಂಡೆ. ಏನೂ ಕೇಳದವರನ್ನು ಹೊಗಳಲು ಅಡ್ಡಿಯೇನು.

ಗಂಡ ನಿವೃತ್ತನಾದ ಮೇಲೆ ಲೀಲಕ್ಕ ಕೇರಿ ಬಿಟ್ಟು ಬಂದು ಸೇರಿದ್ದ ಬೊಬ್ರುವಾಡದ ತಂಗಿಯ ಮನೆ ಗಲಾಟೆಯ ಮನೆ. ಒಳಗೆ ಮಿಕ್ಸರ್ ತಿರುಗುತ್ತಿತ್ತು, ಟಿವಿಯಲ್ಲಿ ಯಾರೋ ಅಳುತ್ತಿದ್ದರು. ಪಾಂಡುರಂಗಣ್ಣ ಕುರ್ಚಿಯ ತುದಿಯಲ್ಲಿ ಕೂತು ಬಹಳ ಸುಖವಾಗಿ ಅದನ್ನು ನೋಡುತ್ತಿದ್ದ. ನನಗೆ ಕೈ ಮಾತ್ರ ಎತ್ತಿದ. ಲೀಲಕ್ಕ ಹಿತ್ತಿಲ ಕಟ್ಟೆಯ ಮೇಲಿದ್ದಳು. ನನ್ನ ಚೀಲವನ್ನು ಗುರುತಿಸಿ ನಕ್ಕಳು.

"ಇನ್ನೂ ಹರೀಲಿಲ್ವಾ ಇದು?"

ಪೊಟ್ಟಣ ಕೊಟ್ಟೆ. ಹಲ್ಲಿನಿಂದ ಕಚ್ಚಿ ಹರಿದು, ನಾಲ್ಕು ಶೆಟ್ಲಿ ಅಂಗೈಗೆ ಸುರಿದುಕೊಂಡು ಮೂಸಿದಳು. ಒಂದನ್ನು ಬಾಯಿಗೆ ಹಾಕಿದಳು. ಬಹಳ ಹೊತ್ತು ಅಗಿದಳು.

"ಮರಳಿಲ್ಲ ಇದ್ರಲ್ಲಿ. ಹಲ್ಲಿಗೆ ಒಂದು ಕಾಳೂ ಸಿಗೂದಿಲ್ಲ. ಎಲ್ಲಿದು?"

"ಹೊರಗಿನದು. ಶಾಂತಿ ಮಾರ್ತಿದ್ದಾಳೆ."

"ಅವ್ಳೇ ಒಣಗ್ಸೂದಿಲ್ವಾ?"

"ಜಾಗ ಎಲ್ಲಿದೆ ಲೀಲಕ್ಕ."

ಅವಳು ಅಂಗೈಯಲ್ಲಿ ಉಳಿದದ್ದನ್ನು ಪೊಟ್ಟಣಕ್ಕೆ ಹಾಕಿ ಅದರ ಬಾಯಿಯನ್ನು ಮಡಚಿದಳು. ಮಡಚಿದ್ದು ನಿಲ್ಲಲಿಲ್ಲ, ಮತ್ತೆ ಮಡಚಿದಳು.

"ಸೀರೆ ಬೇಡ ಅಂದೆ, ಸಮಾ ಆಯ್ತು. ಟಿವಿ ಬೇಡ ಅಂದೆ, ಅದೂ ಸಮಾ. ಬೇಡ ಬೇಡ ಹೇಳ್ತಾ ನಾಲಿಗೆಗೆ ಅದೇ ರೂಢಿ ಆಗ್ಹೋಯ್ತು ತಮಾ. ಆ ಜಾಗ ಬೇಕಾಗಿತ್ತು. ನಂಗೂ ಬೇಕಾಗಿತ್ತು. ಅವತ್ತೇ ಬೇಕಾಗಿತ್ತು."

ಒಳಗೆ ಮಿಕ್ಸರ್ ನಿಂತಿತು. "ಶಾಂತಿ ಹತ್ರ ಹೇಳು," ಎಂದಳು. "ನಾ ಹೇಳ್ದೆ ಹೇಳಿ ಹೇಳು."

ಹೇಳುವುದನ್ನು ತಡಮಾಡಬಾರದೆಂದು ಸಂತೆ ಮುಗಿಯುವ ಮೊದಲೇ ಕಾರವಾರಕ್ಕೆ ಮರಳಿದೆ. ಬಸ್ ನಿಲ್ದಾಣದಿಂದ ಆಟೋ ಹಿಡಿದೆ, ಸಾಮಾನ್ಯವಾಗಿ ಹಿಡಿಯುವವನಲ್ಲ. ಸಂಜೆಯ ಮೋಡ ಇಳಿದಿತ್ತು. ಶಾಂತಿ ಇನ್ನೂ ಕೂತಿದ್ದಳು. ಲೀಲಕ್ಕನ ಮಾತನ್ನು ಅವಳು ಹೇಳಿದಂತೆಯೇ ಒಪ್ಪಿಸಿದೆ, ಒಂದು ಪದ ಸೇರಿಸದೆ, ಒಂದು ಪದ ಬಿಡದೆ.

ಶಾಂತಿ ಕೇಳಿಸಿಕೊಂಡಳು. "ಈಗ ಹೇಳಿ ಎಂತಾ ಮಾಡೂದು," ಎಂದಳು. "ಅಲ್ಲಿ ಕಾರು ನಿಲ್ತದೆ."

ಆಗ ಹನಿ ಬಿತ್ತು. ಶಾಂತಿ ತಟ್ಟನೆ ಎದ್ದಳು. ಪಕ್ಕದಲ್ಲಿ ಕೂತಿದ್ದ ಮುದುಕಿ ಚಹಾ ಕುಡಿಯಲು ಹೋಗಿದ್ದಳು. ಅವಳ ಪೊಟ್ಟಣಗಳನ್ನು ಎರಡೂ ಕೈಯಿಂದ ಬಾಚಿ ಬುಟ್ಟಿಗೆ ತುಂಬತೊಡಗಿದಳು. ತನ್ನವು ನೆನೆಯುತ್ತಿದ್ದವು. ನಾನು ಚೀಲವನ್ನು ಹೆಗಲಿಗೆ ಏರಿಸಿ, ಬಗ್ಗಿ ಶಾಂತಿಯದ್ದನ್ನು ಎತ್ತತೊಡಗಿದೆ. ಬುಟ್ಟಿ ಅರ್ಧ ತುಂಬಿದ ಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು, ಎಲ್ಲವೂ ಬಾಯಿ ಮುಚ್ಚಿದ ಪ್ಲಾಸ್ಟಿಕ್ ಪೊಟ್ಟಣಗಳು, ಮಳೆ ಯಾವುದಕ್ಕೂ ತಾಗುವಂತಿರಲಿಲ್ಲ. ಆದರೂ ಎತ್ತುತ್ತಲೇ ಇದ್ದೆವು.