ಕುದಿಸಿದ ನೀರಿನ ಐಸು

ನಮ್ಮತ್ತಿಗೆಯ ಹಟದ ಬಗ್ಗೆ ಯಾರಾದರೂ ಕೊಂಕು ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಮೂಗು ಮುರಿಯಿರಿ.

ಕಾರ್ಖಾನೆಯ ಕೆಲಸಕ್ಕೆ ಬಂದ ಪರದೇಶದವರಿಗಾಗಿ ಕಟ್ಟಿದ ವಸತಿ ನಮ್ಮ ಬೀದಿಯ ಕೊನೆಗಿದೆ. ಅದರ ಗೇಟಿನ ಒಳಗೆ, ಸೈಕಲ್ ನಿಲ್ಲಿಸುವ ತಗಡಿನ ಸೂರಿನ ಪಕ್ಕ, ಅತ್ತಿಗೆಯ ಪಾನೀಯದ ಕೌಂಟರಿತ್ತು. ಪಾನೀಯ ಅಂದ ಕೂಡಲೇ ಬೇರೇನೋ ಅಂದುಕೊಳ್ಳಬೇಡಿ. ನಿಂಬೆ ಶರಬತ್ತು, ಶುಂಠಿ ಸೋಡಾ, ಐಸ್ ಟೀ, ಕೋಲ್ಡ್ ಕಾಫಿ, ಅಷ್ಟೆ. ನಮ್ಮ ಸೆಕೆಗೆ ಬೆಂದ ಬೀಟ್‌ರೂಟಿನಂತೆ ಕೆಂಪಾಗಿ ಕೆಲಸದಿಂದ ಬಂದವರು ಮನೆಗೂ ಹೋಗದೆ ನೇರ ಅಲ್ಲಿಗೇ ಬರುತ್ತಿದ್ದರು. ಅವರ ಭಾಷೆ ಇವಳಿಗೆ ಬಾರದು, ಇವಳದು ಅವರಿಗೆ ಬಾರದು. ಸಕ್ಕರೆ ಬೇಡ, ಉಪ್ಪು ಹಾಕಿದ ನಿಂಬೆಯೇ ಬೇಕು ಅನ್ನುವ ಎತ್ತರದ ಎಂಜಿನಿಯರಿಗೆ ಇವಳಿಟ್ಟ ಹೆಸರು ಉಪ್ಪು ಸಾಹೇಬರು. ಐಸ್ ಟೀಗೆ ಪುದೀನ ಹಾಕಿಸಿಕೊಂಡು, ಕುಡಿದ ಮೇಲೆ ಎಲೆಯನ್ನೂ ಜಗಿಯುವ ಟೀಚರಮ್ಮ ಪುದೀನಮ್ಮ. ಕರೆದರೆ ಇಬ್ಬರೂ ತಿರುಗಿ ನೋಡುವಷ್ಟು ಆ ಹೆಸರು ರೂಢಿಯಾಗಿತ್ತು.

ಹೊರಗಿನ ಐಸು ಮುಟ್ಟಬೇಡಿ ಎಂದು ವಸತಿಯ ಡಾಕ್ಟರು ಎಲ್ಲರಿಗೂ ತಾಕೀತು ಮಾಡಿದ್ದರು. ಅತ್ತಿಗೆಯ ಐಸು ಮಾತ್ರ ಅದಕ್ಕೆ ಹೊರತು. ಅವಳು ನೀರನ್ನು ಕೊತಕೊತ ಕುದಿಸಿ, ಮುಚ್ಚಿ ಆರಿಸಿ, ಸ್ಟೀಲ್ ಲೋಟಗಳಿಗೆ ಹುಯ್ದು ನಮ್ಮ ಮನೆಯ ಫ್ರೀಜರಿನಲ್ಲಿ ಇಡುತ್ತಿದ್ದಳು. ಮನೆಯಲ್ಲಿ ನಮಗೆ ಕುಡಿಯಲು ಲೋಟವೇ ಸಿಗದೆ ಚೊಂಬು ಎತ್ತಬೇಕಿತ್ತು. ಗೊಣಗಿದರೆ, "ನಿಮ್ಮ ಹೊಟ್ಟೆ ಕಲ್ಲನ್ನೂ ಅರಗಿಸ್ಕೊಳ್ಳುತ್ತೆ. ಆ ಬಡಪಾಯಿಗಳದ್ದು ಹಾಗಲ್ಲ," ಅನ್ನುತ್ತಿದ್ದಳು. ತಾನು ಮಾತ್ರ ಕೌಂಟರಿನಲ್ಲಿ ಒಂದು ತೊಟ್ಟೂ ಕುಡಿಯುತ್ತಿರಲಿಲ್ಲ. ವಸತಿಯ ಮ್ಯಾನೇಜರು ಒಳಗೆ ಜಾಗ ಕೊಟ್ಟಿದ್ದೇ ಆ ಐಸಿನ ನಂಬಿಕೆಯ ಮೇಲೆ. ಬೇರೆ ಐಸು ಒಳಗೆ ಬಂದರೆ ಜಾಗ ಹೋಯಿತು ಎಂದು ಆಗಲೇ ಹೇಳಿಟ್ಟಿದ್ದರು.

ಒಂದು ದಿನ ಕರೆಂಟು ಕೈಕೊಟ್ಟಿತು, ಲೋಟಗಳಲ್ಲಿ ನೀರು ನೀರಾಗಿಯೇ ಉಳಿಯಿತು. ಅತ್ತಿಗೆ ಹಾಲು ತರಲು ಹೋಗಿದ್ದಳು. ನಮ್ಮಣ್ಣ, ನನ್ನ ಒಡಹುಟ್ಟಿದವನೇ, ಬುದ್ಧಿಯನ್ನು ಎಲ್ಲಿ ಬಿಟ್ಟು ಹುಟ್ಟಿದನೋ, ಮೀನು ಮಾರ್ಕೆಟ್ಟಿನಿಂದ ಐಸ್ ಗಡ್ಡೆ ತಂದು, ಕುಟ್ಟಿ, ಡಬ್ಬಿ ತುಂಬಿ ಕೌಂಟರಿಗೆ ಮುಟ್ಟಿಸಿಬಿಟ್ಟ. ಪುಣ್ಯಾತ್ಮ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಕರೆಂಟು ಹೋಗುವ ಮೊದಲೇ ಐಸು ಕಟ್ಟಿತ್ತೇನೋ ಎಂದುಕೊಂಡು ಅತ್ತಿಗೆ ಸಾಹೇಬರಿಗೂ ಪುದೀನಮ್ಮನಿಗೂ ಕೊಟ್ಟಳು. ಅವರು ಕುಡಿದು ಮನೆಗೆ ಹೋದರು. ಮತ್ತೆ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತಳು. ಲೋಟದ ಐಸು ಎಷ್ಟೇ ಒಡೆದರೂ ಒಂದು ಕಡೆ ದುಂಡಗಿರುತ್ತದೆ. ಇದರಲ್ಲಿ ಒಂದು ಚೂರೂ ಹಾಗಿರಲಿಲ್ಲ.

"ರೀ, ಇದನ್ನ ಎಲ್ಲಿಂದ ತಂದ್ರಿ?"

ಅಣ್ಣ ಹೇಳಿದ. "ಐಸು ಐಸೇ ಕಣೇ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತಲ್ಲ."

"ಬಾಯಿ ಮುಚ್ಕೊಂಡಿರು. ಜಾಗ ಹೋಗುತ್ತೆ."

ಅವಳು ಸೊಪ್ಪು ಹಾಕಲಿಲ್ಲ. ಡಬ್ಬಿಯನ್ನು ಚರಂಡಿಗೆ ಸುರಿದು ಸಾಹೇಬರ ಬಾಗಿಲು ತಟ್ಟಿದಳು. ಖಾಲಿ ಡಬ್ಬಿ ತೋರಿಸಿ, ಹೊಟ್ಟೆ ಹಿಡಿದು, ಮುಖ ಕಿವುಚಿದಳು. ಇವಳಿಗೇ ಹೊಟ್ಟೆನೋವು ಎಂದುಕೊಂಡು ಅವರು ಒಳಗೋಡಿ ಮಾತ್ರೆ ತಂದುಕೊಟ್ಟರು. ಕೊನೆಗೆ ಅವರ ಭಾಷೆ ಅಷ್ಟಿಷ್ಟು ಬಲ್ಲ ಗೇಟಿನ ಕಾವಲುಗಾರನನ್ನು ಕರೆದುಕೊಂಡು ಹೋಗಿ, ಅವನ ಬಾಯಲ್ಲಿ ಇಬ್ಬರಿಗೂ ವಿಷಯ ಹೇಳಿಸಿದಳು. ಅಲ್ಲಿಂದ ಮ್ಯಾನೇಜರ ಹತ್ತಿರ ತಾನೇ ಹೋದಳು. ಅವರು ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತಮ್ಮ. ಆದ್ರೆ ನಾಳೆಯಿಂದ ಒಳಗೆ ಬೇಡ," ಅಂದರು.

ಅವರಿಬ್ಬರಿಗೂ ಏನೂ ಆಗಲಿಲ್ಲ. "ಒಬ್ಬರಿಗೂ ಒಂದು ತೇಗೂ ಬರ್ಲಿಲ್ಲ, ಸುಮ್ನೆ ಜಾಗ ಕಳ್ಕೊಂಡೆ," ಎಂದು ಅಣ್ಣ ರಾಗ ಎಳೆದ. ನಿಂಬೆಹಣ್ಣಿನ ಬುಟ್ಟಿಯನ್ನೇ ಅವನ ತಲೆಗೆ ಕವುಚೋಣ ಅನ್ನಿಸಿತು ನನಗೆ. ಅತ್ತಿಗೆ ಗೇಟಿನ ಹೊರಗೆ, ಧೂಳಿನಲ್ಲಿ, ಕೊಡೆ ನೆಟ್ಟು ಮೇಜು ಹಾಕಿದಳು. ನೀರು ಕುದಿಯುವುದು ನಿಲ್ಲಲಿಲ್ಲ. ಆದರೆ ಗೇಟಿನೊಳಗಿಂದ ಯಾರೂ ಬರಲಿಲ್ಲ. ಹೊರಗಿನದು ಅಂದರೆ ಹೊರಗಿನದೇ ತಾನೆ? ಇನ್ನು ಅವರು ನಂಬುವುದಿಲ್ಲವೇನೋ ಎಂದು ಅವಳು ಒಮ್ಮೆ ನನ್ನೆದುರು ಕಣ್ಣೊರೆಸಿಕೊಂಡಳು. ಆ ಕಣ್ಣೀರು ನೋಡಿ ನನಗೂ ತಡೆಯಲಾಗಲಿಲ್ಲ.

ಮತ್ತೊಮ್ಮೆ ಕರೆಂಟು ಹೋದಾಗ ಗೇಟು ತೆರೆಯಿತು. ಉಪ್ಪು ಸಾಹೇಬರು ತಮ್ಮ ಮನೆಯ ಐಸ್ ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ವಸತಿಗೆ ಜನರೇಟರ್ ಇತ್ತಲ್ಲ. ಹಿಂದೆ ಪುದೀನಮ್ಮ. ಅತ್ತಿಗೆ ಟ್ರೇ ನೋಡಿದಳು. ಬೀದಿಯ ನಲ್ಲಿಯತ್ತ ಕೈ ತೋರಿಸಿದಳು. ಬೆರಳುಗಳನ್ನು ಕುದಿಯುವ ನೀರಿನ ಗುಳ್ಳೆಗಳಂತೆ ಕುಣಿಸಿ, ಕುದಿಸಿದ್ದೀರಾ ಎಂದು ಹುಬ್ಬಿನಲ್ಲೇ ಕೇಳಿದಳು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸಾಹೇಬರು ಪೆಚ್ಚಾಗಿ, ಇಲ್ಲ ಎಂದು ತಲೆ ಆಡಿಸಿದರು.

ಅತ್ತಿಗೆ ಟ್ರೇಯನ್ನು ಚರಂಡಿಗೆ ಬೋರಲು ಹಾಕಿ, ಐಸಿಲ್ಲದ ಉಪ್ಪು ನಿಂಬೆ ಕೊಟ್ಟಳು. ಬೆಚ್ಚಗಿನ ಅದನ್ನೇ ಅವರು ಪೂರ್ತಿ ಕುಡಿದರು.

"ಸುಳ್ಳು ಹೇಳ್ಲಿಲ್ಲ ನೋಡು," ಅಂದಳು ನನಗೆ. "ಇನ್ನು ಈ ಮನುಷ್ಯ ಏನು ತಂದ್ರೂ ನಂಬಬಹುದು."

ಮರುದಿನವೂ ಕರೆಂಟಿರಲಿಲ್ಲ. ಸಾಹೇಬರು ಮತ್ತೆ ಟ್ರೇ ಹಿಡಿದು ಬಂದರು. ಅವಳು ಕೇಳುವ ಮೊದಲೇ ಟ್ರೇ ಕೆಳಗಿಟ್ಟು, ಬೆರಳು ಕುಣಿಸಿ ತೋರಿಸಿದರು. ಅತ್ತಿಗೆ ಆ ಐಸನ್ನು ಎರಡು ಲೋಟಕ್ಕೆ ಹಾಕಿ ಉಪ್ಪು ನಿಂಬೆ ಹುಯ್ದಳು. ಒಂದನ್ನು ಅವರ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಕುಡಿದಳು.