ತಿರುವಿ ಹಿಡಿಯದ ಚಾರ್ಟು

ಹಳೆಯ ಕನ್ನಡಕಗಳಿಗೂ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಯಾರದೋ ಬೆವರು, ಕೊಬ್ಬರಿ ಎಣ್ಣೆ, ಚೂರು ಪೌಡರ್. ನಮ್ಮ ಚರ್ಚಿನ ಹಾಲ್‌ನಲ್ಲಿ, ಸೋಪಿನ ನೀರಿನ ಟಬ್‌ನಲ್ಲಿ ಅವು ನೆನೆಯುವಾಗ ಆ ವಾಸನೆ ಮೇಲೇಳುತ್ತದೆ. ಮುಂದಿನ ತಿಂಗಳು ನಮ್ಮ ವಾಲಂಟಿಯರ್‌ಗಳು ಕಣ್ಣಿನ ಕ್ಯಾಂಪ್ ನಡೆಸಲು ಆಫ್ರಿಕಾಕ್ಕೆ ಹೊರಟಿದ್ದಾರೆ. ಧಾರವಾಡದ ಮನೆಗಳ ಕಪಾಟುಗಳಿಂದ ಬಂದ ಕನ್ನಡಕಗಳನ್ನು ತೊಳೆದು ಒರೆಸುವುದು ನನ್ನ ಡ್ಯೂಟಿ. ಒರೆಸಲು ಮೆತ್ತಗಾದ ಹಳೆಯ ಸೀರೆಯ ಚೂರೇ ಆಗಬೇಕು. ಈ ರೂಲ್ ಮಾಡಿದವಳು ಸುಶೀಲಕ್ಕ.

ಸುಶೀಲಕ್ಕ ನಮ್ಮ ಕ್ವಾಯರ್‌ನ ಮುಂದಿನ ಸಾಲಿನವಳು. ಪುಸ್ತಕ ಮುಟ್ಟದೆ, ಕಣ್ಣು ಮುಚ್ಚಿಕೊಂಡೇ ಹಾಡುತ್ತಿದ್ದಳು. ನಾವು ಅದನ್ನು ಭಕ್ತಿ ಎಂದುಕೊಂಡಿದ್ದೆವು. ನನಗಂತೂ ಒಳಗೊಳಗೆ ಜೆಲಸಿ. ಕಾನ್ವೆಂಟಿನ ಸಿಸ್ಟರ್‌ಗಳು ಪದ್ಯಗಳನ್ನೆಲ್ಲ ಬೈ ಹಾರ್ಟ್ ಮಾಡಿಸಿ ನನಗೆ ಕೊಟ್ಟಿದ್ದ ಟ್ಯಾಲೆಂಟ್ ಅದೊಂದೇ; ಅದರಲ್ಲೂ ಇವಳೇ ಮುಂದೆ.

ವರ್ಷಗಳ ಹಿಂದೆ ಮೊದಲ ಸಲ ಕ್ಯಾಂಪಿನ ತಂಡ ಆಫ್ರಿಕಾಕ್ಕೆ ಹೊರಟಾಗ ಅವಳೂ ಹೊರಟಳು. ಗೋವಾದಾಚೆ ಏನನ್ನೂ ಕಾಣದವಳು. ವಿಮಾನದ ಮಾತೆತ್ತಿದರೆ ಚುರುಮರಿ ತಿನ್ನುವುದನ್ನೂ ಮರೆಯುತ್ತಿದ್ದಳು. ಹೊರಡುವ ಮುಂಚೆ ಇದೇ ಹಾಲ್‌ನಲ್ಲಿ ಪ್ರ್ಯಾಕ್ಟೀಸ್ ನಡೆಯಿತು. ಚಾರ್ಟಿನ ತುಂಬ ಇಂಗ್ಲಿಷಿನ ‘ಇ’ ಅಕ್ಷರ, ಮೂರು ಹಲ್ಲಿನ ಬಾಚಣಿಗೆಯ ಹಾಗೆ, ಒಂದೊಂದೂ ಒಂದೊಂದು ದಿಕ್ಕಿಗೆ. ಓದು ಬಾರದವರೂ ಹಲ್ಲು ಯಾವ ಕಡೆಗಿದೆ ಎಂದು ತೋರಿಸಿದರೆ ಸಾಕು. ಎಲ್ಲರೂ ಸರದಿಯಂತೆ “ಮ್ಯಾಲ, ಎಡಕ್ಕ, ಕೆಳಗ” ಎನ್ನುತ್ತಿದ್ದರು. ಕೊನೆಗೆ ಕೂತ ಸುಶೀಲಕ್ಕ ತೀರ ಕೆಳಗಿನ ಸಾಲಿನವರೆಗೂ ಹಾಡಿದಂತೆ ಹೇಳಿ ಮುಗಿಸಿದಳು.

“ಅಕ್ಕಾರ, ಹದ್ದಿನ ಕಣ್ಣ ಬಿಡ್ರಿ ನಿಮ್ಮವು,” ಎಂದರು ಪಾಸ್ಟರ್.

“ನೀವು ಸರ್ಮನ್ನಿನ್ಯಾಗ ಎಷ್ಟು ಹಾಳಿ ಹಾರಸ್ತೀರಿ ಅನ್ನೋದೂ ಕಾಣತೈತ್ರಿ.”

ನಕ್ಕಿದ್ದೇ ನಕ್ಕಿದ್ದು. ಆಫ್ರಿಕಾದಿಂದ ಬಂದ ಒಂದು ಫೋಟೋದಲ್ಲಿ ಅವಳು ಮುದುಕಿಯೊಬ್ಬಳಿಗೆ ಕನ್ನಡಕ ತೊಡಿಸುತ್ತಿದ್ದಾಳೆ, ಆದರೆ ನೋಟ ಮುದುಕಿಯ ಭುಜದಾಚೆಗಿದೆ. ಯಾರೋ ಕರೆದಿರಬೇಕು ಅಂದುಕೊಂಡೆವು.

ಆ ಕ್ರಿಸ್‌ಮಸ್‌ಗೆ ಕರಚಿಕಾಯಿ ಮಾಡಲು ನಮ್ಮ ಮನೆಗೆ ಬಂದಳು. ಅವಳು ಹೂರಣವನ್ನು ಲಟ್ಟಿಸಿದ ಹಾಳೆಗೆ ತುಂಬದೆ ಪಕ್ಕದ ಬರೀ ತಾಟಿನ ಮೇಲೆ ಇಡುತ್ತ ಹೋದದ್ದನ್ನು ನೋಡಿ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಪರೀಕ್ಷಿಸಿ, “ಕಣ್ಣಿನ ನರ ಒಣಗ್ಯಾವ್ರಿ. ಮೊದಲ ಬಂದಿದ್ರ ಉಳಸಬಹುದಿತ್ತು,” ಎಂದರು.

ವಾಪಸು ಬರುವಾಗ ಆಟೋದಲ್ಲಿ ಕೇಳಿದೆ, “ಯಾಕ ಹೇಳಲಿಲ್ಲ ಸುಶೀಲಕ್ಕ?”

“ಹೇಳಿದ್ರ ನನ್ನ ಬಿಟ್ಟು ಹೋಗತಿದ್ರು. ಅವತ್ತ ಹಾಲ್‌ನ್ಯಾಗ ಮುಂಜಾನಿಂದ ಎಲ್ಲಾರೂ ಹೇಳೋದು ಕೇಳಿ ಕೇಳಿ ಚಾರ್ಟು ಬಾಯಿಪಾಠ ಮಾಡಿದ್ನವ್ವ.” ಸ್ವಲ್ಪ ದೂರ ಹೋದ ಮೇಲೆ ತಾನೇ ಅಂದಳು, “ವಿಮಾನದಾಗ ಕಿಡಕಿ ಸೀಟು ಕೊಟ್ಟಿದ್ರು. ಬರೇ ಬೆಳ್ಳಗ ಕಾಣತಿತ್ತು. ಮೋಡ ಅನಕೊಂಡೆ.”

ಅವಳು ತೀರಿಕೊಂಡು ವರ್ಷಗಳಾದವು. ಅವತ್ತು ಹಾಲ್ ತುಂಬ ಕಣ್ಣು ಪರೀಕ್ಷಿಸಲು ಕಲಿಯುತ್ತಿದ್ದ ಜನ. ಒಬ್ಬರಿಗಾದರೂ ಆ ಚಾರ್ಟನ್ನು ತಲೆಕೆಳಗಾಗಿ ತಿರುವಿ ಹಿಡಿಯಬೇಕೆಂದು ಹೊಳೆಯಲಿಲ್ಲವಲ್ಲ.

ಇವತ್ತು ಪ್ರೇರಣಾ ಎಂಬ ಕಾಲೇಜು ಹುಡುಗಿ ಪ್ರ್ಯಾಕ್ಟೀಸಿಗೆಂದು ನನ್ನನ್ನು ಟಬ್‌ನ ಮುಂದಿನಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. “ಆಂಟಿ, ಕೈಲೆ ತೋರಸ್ರಿ.” ಮೇಲಿನ ದೊಡ್ಡ ಅಕ್ಷರಗಳು ಕಂಡವು. ಅವುಗಳ ಕೆಳಗೆ ಬರೀ ಇರುವೆ. ಆದರೂ ನನ್ನ ಕೈ ತಾನಾಗಿ ಆಡತೊಡಗಿತು: ಮೇಲೆ, ಎಡಕ್ಕೆ, ಕೆಳಗೆ. ಬೆಳಗಿನಿಂದ ಕನ್ನಡಕ ಒರೆಸುತ್ತ ಉಳಿದವರು ಹೇಳುವುದನ್ನು ಕೇಳಿದ್ದೆನಲ್ಲ, ಬೈ ಹಾರ್ಟ್ ಕಲಿಸಿದ ಸಿಸ್ಟರ್‌ಗಳ ಶಿಷ್ಯೆ ನಾನು.

“ಸೂಪರ್ ಆಂಟಿ. ಇನ್ನೊಂದ ಸಾಲು.”

ಚಾರ್ಟಿನ ಸುತ್ತಲಿನ ಗೋಡೆ ಬೆಳ್ಳಗೆ ಮೋಡದ ಹಾಗಿತ್ತು.

“ಪ್ರೇರಣಾ, ಅದನ್ನ ತಿರುವಿ ಹಿಡಿಯವಾ.”

“ಯಾಕ್ರಿ, ಎಲ್ಲಾ ಕರೆಕ್ಟ್ ಹೇಳಾಕತ್ತೀರಲ್ಲ?”

“ಅದಕ್ಕ ತಿರುವು.”

ತಿರುವಿದಳು. ಎತ್ತಿದ ಕೈಗೆ ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ಮೆಲ್ಲಗೆ ಮಡಿಲಿಗೆ ಇಳಿಸಿದೆ. ಸೀರೆಯ ಚೂರು ಅಲ್ಲೇ ಇತ್ತು, ಇನ್ನೂ ಒದ್ದೆ.

“ಕಾಣವಲ್ದವ್ವ,” ಎಂದೆ.